ಗೋಡೆಯೊಳಗಿನ ಇಲ್ಲಣ

“ಕಸ ಗುಡಿಸೋದಕ್ಕೆ ನೂರೈವತ್ತು ಡಾಲರಾ ಆಂಟಿ? ಭಯ ಮಾರಿಕೊಂಡು ಬದುಕೋ ದೇಶ ಇದು.”

ನ್ಯೂಜೆರ್ಸಿಯ ಮಗನ ಮನೆಗೆ ಊಟಕ್ಕೆ ಬಂದಿದ್ದ ಅವನ ಗೆಳೆಯ ಹೀಗಂದ. ಆ ಬೆಳಿಗ್ಗೆ ತಾನೆ ಒಬ್ಬ ಕೆಲಸಗಾರ ಬಂದು, ಬಟ್ಟೆ ಒಣಗಿಸುವ ಡ್ರೈಯರಿನ ಗಾಳಿಕೊಳವೆಯನ್ನು ಚೊಕ್ಕಟ ಮಾಡಿ ಹೋಗಿದ್ದ. ಹುಡುಗ ಒಳ್ಳೆಯವನೇ. ಸಾವಿರ ಡಾಲರಿನ ಫೋನನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವಾಗ ಅವನ ಹುಬ್ಬು ಗಂಟಿಕ್ಕುವುದಿಲ್ಲ. ಅವನ ಮಾತಿನಲ್ಲಿ ಎರಡು ತಕರಾರುಗಳಿವೆ. ಭಯದ ವ್ಯಾಪಾರ ಎಂಬುದು ಉತ್ತರ ಕೊಡಲೇಬೇಕಾದ ತಕರಾರು. “ಕಸ ಗುಡಿಸೋದು” ಎಂದದ್ದು ಮಾತ್ರ ನನಗೆ ಚುಚ್ಚಿತು. ಯಂತ್ರ ಕೊಳ್ಳುವುದು ಹೂಡಿಕೆ, ಅದನ್ನು ಶುಚಿಯಾಗಿಡುವುದು ದಂಡದ ಖರ್ಚು ಎಂಬ ಲೆಕ್ಕಾಚಾರ ಅವನೊಬ್ಬನದಲ್ಲ, ನಮ್ಮೆಲ್ಲರದು. ಅದು ತಪ್ಪು ಲೆಕ್ಕ ಎಂದೇ ನನ್ನ ವಾದ.

ಡ್ರೈಯರ್ ನಮ್ಮ ಊರುಗಳಲ್ಲಿ ಅಪರೂಪ. ಅಮೆರಿಕದಲ್ಲಿ ಹತ್ತು ಮನೆಗಳಲ್ಲಿ ಎಂಟರಲ್ಲಿ ಇದೆ. ಒದ್ದೆ ಬಟ್ಟೆ ತಿರುಗುವ ಡೋಲಿನೊಳಕ್ಕೆ ಬಿಸಿಗಾಳಿ ನುಗ್ಗುತ್ತದೆ, ತೇವ ಹೊತ್ತ ಗಾಳಿ ನಾಲ್ಕಂಗುಲ ಅಗಲದ ಲೋಹದ ಕೊಳವೆಯಲ್ಲಿ ಮನೆಯ ಹೊರಗೆ ಹೋಗುತ್ತದೆ. ಜೊತೆಗೆ ಬಟ್ಟೆಯಿಂದ ಉದುರಿದ ನೂಲಿನ ಹಿಂಜೂ ಹೋಗುತ್ತದೆ. ಅಲ್ಲಿಯವರು ಅದನ್ನು ಲಿಂಟ್ ಎನ್ನುತ್ತಾರೆ. ಬಾಗಿಲ ಬಳಿಯ ಜಾಲರಿ ಬಹುಪಾಲು ಹಿಡಿಯುತ್ತದೆ, ಉಳಿದದ್ದು ಕೊಳವೆಯ ಒಳಮೈಗೆ ಪದರ ಪದರವಾಗಿ ಅಂಟುತ್ತದೆ. ಗಾಳಿಯ ದಾರಿ ಕಿರಿದಾದಷ್ಟೂ ಯಂತ್ರದೊಳಗೆ ಬಿಸಿ ಏರುತ್ತದೆ. ಒಂದು ಸುತ್ತಿನಲ್ಲಿ ಒಣಗುತ್ತಿದ್ದ ಬಟ್ಟೆಗೆ ಎರಡು ಸುತ್ತು ಬೇಕಾಗುತ್ತದೆ. ನಾವು ಯಂತ್ರಕ್ಕೆ ವಯಸ್ಸಾಯಿತು ಅಂದುಕೊಳ್ಳುತ್ತೇವೆ. ಆ ಹಿಂಜೋ, ಕ್ಯಾಂಪಿಗೆ ಹೋಗುವವರು ಬೆಂಕಿ ಹೊತ್ತಿಸಲೆಂದೇ ಕೂಡಿಟ್ಟು ಒಯ್ಯುವ ವಸ್ತು.

ಕೆಲಸಗಾರ ಬಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬಗ್ಗುವ ಕಡ್ಡಿಗಳನ್ನು ಒಂದಕ್ಕೊಂದು ಸೇರಿಸಿ, ತುದಿಗೆ ದುಂಡು ಬ್ರಷ್ ಸಿಕ್ಕಿಸಿ, ಡ್ರಿಲ್ಲಿನಿಂದ ತಿರುಗಿಸುತ್ತಾ ಗೋಡೆಯೊಳಕ್ಕೆ ತಳ್ಳಿದ. ಹೊರಗಿನ ಬಾಯಿಯಲ್ಲಿ ಹಕ್ಕಿಗೂಡು ಸಿಕ್ಕಿತು. ಅದರ ಹಿಂದೆ ಬೂದು ಬಣ್ಣದ, ಕಂಬಳಿಯಂಥ ಹಿಂಜು ಒಂದು ಬಕೆಟ್ ತುಂಬ. ನನಗೆ ತಟ್ಟನೆ ನೆನಪಾದದ್ದು ಇಲ್ಲಣ. ನಮ್ಮ ಮಲೆನಾಡಿನ ಮನೆಯಲ್ಲಿ ಸೌದೆ ಒಲೆಯ ಮೇಲಿನ ಜಂತಿಗಳಿಂದ ಕಪ್ಪು ಜೇಡಬಲೆಯಂತೆ ಇಲ್ಲಣ ಜೋಲುತ್ತಿತ್ತು. ಹಬ್ಬ ಹತ್ತಿರ ಬಂತೆಂದರೆ ಅಮ್ಮ ತಲೆಗೆ ಬಟ್ಟೆ ಸುತ್ತಿಕೊಂಡು, ಉದ್ದ ಗಳುವಿನ ತುದಿಗೆ ಪೊರಕೆ ಕಟ್ಟಿ, ಕಣ್ಣು ಕಿರಿದು ಮಾಡಿಕೊಂಡು ಇಲ್ಲಣ ಹೊಡೆಯುತ್ತಿದ್ದಳು. ಕಿಡಿ ಹಾರಿ ಅದಕ್ಕೆ ತಗುಲಿದರೆ ಮಾಡಿಗೇ ಬೆಂಕಿ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ; ಅದು ದಿನವೂ ಕಣ್ಣೆದುರು ತೂಗಾಡುತ್ತಿತ್ತು. ಡ್ರೈಯರಿನ ಇಲ್ಲಣ ಗೋಡೆಯೊಳಗಿದೆ. ವ್ಯತ್ಯಾಸ ಅಷ್ಟೇ, ಆದರೆ ಆ ವ್ಯತ್ಯಾಸವೇ ಎಲ್ಲ.

ಈಗ ಭಯದ ವ್ಯಾಪಾರಕ್ಕೆ ಬರೋಣ. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರವರೆಗಿನ ಪ್ರಕರಣಗಳನ್ನು ಲೆಕ್ಕ ಹಾಕಿತ್ತು. ಅದರ ಅಂದಾಜಿನಂತೆ ಮನೆಗಳಲ್ಲಿ ಡ್ರೈಯರಿನಿಂದ ವರ್ಷಕ್ಕೆ 2,900 ಬೆಂಕಿ, 5 ಸಾವು, 100 ಮಂದಿಗೆ ಗಾಯ, ಮೂರೂವರೆ ಕೋಟಿ ಡಾಲರ್ ನಷ್ಟ. ಶೇ. 34ರಷ್ಟಕ್ಕೆ ಕಾರಣ ಶುಚಿ ಮಾಡದಿದ್ದುದು. ಜನವರಿಯಲ್ಲಿ ಅತಿ ಹೆಚ್ಚು. ಲೆಕ್ಕ ಬಲ್ಲವರು ಇಲ್ಲಿ ನ್ಯಾಯವಾಗಿಯೇ ಕೇಳುತ್ತಾರೆ: ಆ ದೇಶದ ಒಟ್ಟು ಡ್ರೈಯರುಗಳಿಗೆ ಹಂಚಿದರೆ ಇದು ಮೂವತ್ತು ಸಾವಿರಕ್ಕೆ ಒಂದರಷ್ಟು. ಅದೇ ದುಡ್ಡಿನಲ್ಲಿ ಮಲಗುವ ಕೋಣೆಗೊಂದರಂತೆ ಹೊಗೆ ಎಚ್ಚರಿಕೆಯ ಗಂಟೆ ಹಾಕಿಸಿದರೆ ಹೆಚ್ಚು ಜೀವ ಉಳಿಯುವುದಿಲ್ಲವೇ? ಉಳಿಯುತ್ತದೆ. ಗಂಟೆ ಇಲ್ಲದ ಮನೆಯವರು ಮೊದಲು ಅದನ್ನೇ ಹಾಕಿಸಲಿ. ಭಯವನ್ನೇ ಬಂಡವಾಳ ಮಾಡಿಕೊಂಡ ಠಕ್ಕರೂ ಇದ್ದಾರೆ. ಇಡೀ ಮನೆಯ ಗಾಳಿ ಕೊಳವೆಗಳನ್ನು ಅಗ್ಗದಲ್ಲಿ ತೊಳೆಯುತ್ತೇವೆಂದು ಬಂದು, ಒಳಗೆ ಕಾಲಿಟ್ಟ ಮೇಲೆ ಬೂಸ್ಟು ತೋರಿಸಿ ಬಿಲ್ಲು ಬೆಳೆಸುವವರು. ಎಸಿ, ಹೀಟರಿನ ಕೊಳವೆಗಳನ್ನು ಸುಮ್ಮಸುಮ್ಮನೆ ತೊಳೆಸುವುದರಿಂದ ಆರೋಗ್ಯಕ್ಕೆ ಲಾಭವಿದೆ ಎಂಬುದು ಸಾಬೀತಾಗಿಲ್ಲವೆಂದು ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳುತ್ತದೆ. ಜನ ಆ ಕೊಳವೆಯನ್ನೂ ಡ್ರೈಯರಿನ ಕೊಳವೆಯನ್ನೂ ಒಂದೇ ಎಂದು ತಿಳಿಯುತ್ತಾರೆ. ಠಕ್ಕನಿಗೆ ಬೇಕಾದದ್ದೂ ಅದೇ. ಒಂದರಲ್ಲಿ ಕೂರುವುದು ಮನೆಯ ಧೂಳು, ಇನ್ನೊಂದರಲ್ಲಿ ಕೂರುವುದು ಬಿಸಿಗಾಳಿಯ ದಾರಿಯಲ್ಲಿರುವ ಅರಳೆ.

ಮೂವತ್ತು ಸಾವಿರಕ್ಕೆ ಒಂದು ಎಂಬುದು ಸರಾಸರಿ. ಸರಾಸರಿ ಮನೆಯಲ್ಲಿ ಯಾರೂ ವಾಸ ಮಾಡುವುದಿಲ್ಲ. ಹಿಂದೆ ಡ್ರೈಯರ್ ನೆಲಮಾಳಿಗೆಯಲ್ಲಿ ಹೊರಗೋಡೆಗೆ ಒರಗಿ ನಿಲ್ಲುತ್ತಿತ್ತು. ಕೊಳವೆ ಎರಡು ಮೊಳ, ಆಚೆ ಬಯಲು. ಈಗ ಬಟ್ಟೆ ಹೊತ್ತು ಮೆಟ್ಟಿಲು ಇಳಿಯುವುದು ಯಾರಿಗೂ ಬೇಡ. ಯಂತ್ರ ಮಲಗುವ ಕೋಣೆಗಳ ನಡುವಿನ ಗೂಡಿಗೆ ಬಂದಿದೆ, ಕೊಳವೆ ಗೋಡೆ ಹತ್ತಿ, ತಾರಸಿಯ ಕೆಳಗೆ ತೆವಳಿ, ಎಲ್ಲೋ ಹೊರಬೀಳುತ್ತದೆ. ಅಲ್ಲಿಯ ಮನೆ ಕಟ್ಟುವ ಮಾದರಿ ಸಂಹಿತೆಯ ಪ್ರಕಾರ ಉದ್ದ 35 ಅಡಿ ಮೀರಬಾರದು, ಪ್ರತಿ ಲಂಬ ತಿರುವಿಗೆ 5 ಅಡಿ ಕಳೆಯಬೇಕು. ಮೂರು ತಿರುವು ಬಂದರೆ ಉಳಿಯುವುದು 20. ಕೀಲಿನ ಸ್ಕ್ರೂ ಒಳಕ್ಕೆ ಅಂಗುಲದ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ಚಾಚಬಾರದು, ಏಕೆಂದರೆ ಹಿಂಜು ಮೊದಲು ಸಿಕ್ಕಿಕೊಳ್ಳುವುದು ಅಲ್ಲೇ. ಹೊರಬಾಯಿಗೆ ಬಲೆ ಹಾಕಕೂಡದು. ಹಕ್ಕಿ ನುಗ್ಗಬಾರದೆಂದು ಬಲೆ ಬಡಿದವರ ಮನೆಯಲ್ಲಿ ಆ ಬಲೆಯೇ ಬಿರಡೆಯಾಗುತ್ತದೆ. ಗ್ಯಾಸಿನ ಡ್ರೈಯರಾದರೆ ಕಟ್ಟಿದ ಕೊಳವೆಯಿಂದ ಕಾರ್ಬನ್ ಮೊನಾಕ್ಸೈಡ್ ಮನೆಯೊಳಕ್ಕೇ ಹಿಮ್ಮೆಟ್ಟಬಹುದು. ಇಷ್ಟೆಲ್ಲ ತಿಳಿದು, ನೋಡಿ, ಹೊರಬಾಯಲ್ಲಿ ಗಾಳಿಯ ವೇಗ ಅಳೆದು ಹೇಳುವವನನ್ನು “ಕಸ ಗುಡಿಸುವವನು” ಎನ್ನುವುದಾದರೆ ಹಲ್ಲಿನ ಡಾಕ್ಟರನ್ನು ಪಾಚಿ ಕೆರೆಯುವವನು ಎನ್ನಬೇಕಾಗುತ್ತದೆ.

ಈ ವಿದ್ಯೆಗೆ ಒಂದು ವಂಶಾವಳಿಯೂ ಇದೆ. ಡ್ರೈಯರ್ ಕೊಳವೆಯ ತಂತ್ರಜ್ಞರಿಗೆ ಅಮೆರಿಕದಲ್ಲಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವುದು ಅಲ್ಲಿಯ ಚಿಮಣಿ ಸುರಕ್ಷತಾ ಸಂಸ್ಥೆ. ಇವರು ಚಿಮಣಿ ಗುಡಿಸುವವರ ಮೊಮ್ಮಕ್ಕಳೆನ್ನಿ. ಆ ಅಜ್ಜಂದಿರನ್ನು ಎರಡು ದೇಶಗಳು ಎರಡು ಬಗೆಯಲ್ಲಿ ನಡೆಸಿಕೊಂಡವು. ಇಂಗ್ಲೆಂಡಿಗೆ ಅದು ಕೀಳು ಕೆಲಸ. ಕಿರಿದಾದ ಚಿಮಣಿಯೊಳಕ್ಕೆ ಬಡ ಮಕ್ಕಳನ್ನು ಹತ್ತಿಸಿದರು. ಮೈಗೆ ಮೆತ್ತಿದ ಮಸಿಯೇ ಅವರಿಗೆ ಕ್ಯಾನ್ಸರ್ ತರುತ್ತಿದೆ ಎಂದು ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದ. ಕಾನೂನುಗಳು ಬಂದವು, ಕಾಗದದಲ್ಲಿ ಉಳಿದವು. ಸರಿಯಾಗಿ ನೂರು ವರ್ಷದ ಮೇಲೆ, 1875ರಲ್ಲಿ, ಕೇಂಬ್ರಿಜ್ ಬಳಿಯ ಫುಲ್‌ಬೋರ್ನ್‌ನಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಆಸ್ಪತ್ರೆಯೊಂದರ ಚಿಮಣಿಯಲ್ಲಿ ಸಿಕ್ಕಿಬಿದ್ದು ಸತ್ತ ಮೇಲೆಯೇ ಲಾರ್ಡ್ ಶಾಫ್ಟ್ಸ್‌ಬರಿಯ ಬಿಗಿಯಾದ ಕಾನೂನು ಬಂತು. ಉದ್ದ ಕಡ್ಡಿಯ ಬ್ರಷ್ಷು ಅಷ್ಟರಲ್ಲಿ ಎಷ್ಟೋ ದಶಕಗಳಿಂದ ಇತ್ತು. ಮಗುವಿನ ಮೈ ಬ್ರಷ್ಷಿಗಿಂತ ಅಗ್ಗವಾಗಿತ್ತು, ಅಷ್ಟೇ. ಮ್ಯಾನ್‌ಹೋಲಿಗೆ ಇನ್ನೂ ಮನುಷ್ಯರನ್ನು ಇಳಿಸುವ ನಾಡಿನವರು ನಾವು; ಇಂಗ್ಲಿಷರನ್ನು ಬೈಯುವ ಬಾಯಿ ಸ್ವಲ್ಪ ತಗ್ಗಲಿ.

ಜರ್ಮನಿಯಲ್ಲಿ ಬೇರೆ ಕಥೆ. ಅಲ್ಲಿ ಚಿಮಣಿಯವನು ವರ್ಷಗಟ್ಟಲೆ ಕಲಿತು ಪರೀಕ್ಷೆ ಪಾಸಾದ ಕಸುಬುದಾರ. ಪ್ರತಿ ಪ್ರದೇಶಕ್ಕೂ ಅಧಿಕಾರವುಳ್ಳ ಒಬ್ಬ ಇರುತ್ತಾನೆ. ಏಳು ವರ್ಷಕ್ಕೆ ಎರಡು ಸಲ ಮನೆಯ ಒಲೆ, ಬಾಯ್ಲರುಗಳನ್ನೆಲ್ಲ ಪರೀಕ್ಷಿಸುತ್ತಾನೆ. ಬೇಡ ಎನ್ನುವ ಹಕ್ಕು ಮನೆಯವರಿಗಿಲ್ಲ. ಪ್ರದೇಶದ ಏಕಸ್ವಾಮ್ಯದಿಂದ ದರ ಹೆಚ್ಚುತ್ತದೆ ಎಂಬ ದೂರಿತ್ತು. ದೂರು ಸರಿಯೇ ಇತ್ತು, 2013ರಿಂದ ಗುಡಿಸುವ ಕೆಲಸವನ್ನು ಬೇರೆಯವರಿಗೂ ಬಿಟ್ಟರು, ಪರೀಕ್ಷೆ ಮಾತ್ರ ಆ ಅಧಿಕಾರಿಯದೇ. ಕಪ್ಪು ಬಟ್ಟೆಯ ಅವನು ಎದುರಾದರೆ ಅಲ್ಲಿಯ ಜನಕ್ಕೆ ಶುಭಶಕುನ; ಹೊಸ ವರ್ಷಕ್ಕೆ ಅವನದೇ ಪುಟ್ಟ ಗೊಂಬೆ ಉಡುಗೊರೆ ಕೊಡುತ್ತಾರೆ. ನಮ್ಮಲ್ಲಿ ಪೊರಕೆ ಹಿಡಿದವರು ಎದುರಾದರೆ ಏನೆನ್ನುತ್ತೇವೆ ಎಂದು ನೆನೆದು ನನಗೆ ನಾಚಿಕೆಯಾಯಿತು.

ಹಾಗೆಂದು ಎಲ್ಲರೂ ದುಡ್ಡು ಕೊಟ್ಟೇ ಮಾಡಿಸಬೇಕು ಎನ್ನಲಾರೆ. ಕೊಳವೆ ಗಿಡ್ಡ, ನೇರ, ಕೈಗೆಟಕುವಂತಿದ್ದರೆ ಅಂಗಡಿಯಲ್ಲಿ ಸಿಗುವ ಬ್ರಷ್ಷಿನಿಂದ ಮನೆಯವರೇ ತೆಗೆಯಬಹುದು. ಉದ್ದ, ತಿರುವು, ಮಾಡಿನ ಮೇಲಿನ ಬಾಯಿ ಇದ್ದರೆ ಬಲ್ಲವರನ್ನು ಕರೆಯಬೇಕು. ಜಾಲರಿ ಇದೆಯಲ್ಲ, ಸಾಕು ಎನ್ನುವವರು ಒಮ್ಮೆ ಆ ಬಕೆಟ್ ನೋಡಲಿ. ಕೊಳವೆಯೇ ಬೇಡದ ಹೀಟ್ ಪಂಪ್ ಡ್ರೈಯರುಗಳಿವೆ. ಸ್ವಿಟ್ಜರ್ಲೆಂಡಿನಲ್ಲಿ 2012ರಿಂದ ಮಾರುವುದು ಅವನ್ನೇ. ಅವುಗಳ ಜಾಲರಿಯನ್ನೂ ಯಾರಾದರೂ ತೊಳೆಯಬೇಕು. ವರ್ಷಕ್ಕೊಮ್ಮೆ ಬಲ್ಲವರು ಬಂದು ಹೋದರೂ ಪ್ರತಿ ಸುತ್ತಿಗೂ ಆ ಜಾಲರಿ ಬಳಿಯುವ ಕೈ ಮನೆಯವರದೇ ಆಗಿರಬೇಕು.

ಇನ್ನೊಂದು ಅಪಾಯ ನಮ್ಮವರಿಗೇ ಹೆಚ್ಚು ಸಂಬಂಧಪಟ್ಟದ್ದು, ಅದಕ್ಕೆ ಯಾವ ಬ್ರಷ್ಷೂ ಇಲ್ಲ. ಎಣ್ಣೆಸ್ನಾನದ ಟವೆಲು. ಅಡುಗೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರುತ್ತಾ ತಾನೇ ಬಿಸಿಯಾಗುತ್ತದೆ. ತೊಳೆದರೂ ಬಟ್ಟೆಯಲ್ಲಿ ಜಿಡ್ಡು ಉಳಿಯುತ್ತದೆ. ಡ್ರೈಯರಿನಿಂದ ಬಿಸಿಬಿಸಿಯಾಗಿ ತೆಗೆದು ರಾಶಿ ಹಾಕಿದರೆ ಆ ಬಿಸಿ ಹೋಗಲು ದಾರಿಯಿಲ್ಲದೆ ಒಳಗೊಳಗೇ ಏರಿ, ಕಿಡಿಯೇ ಇಲ್ಲದೆ ಹೊತ್ತಿಕೊಳ್ಳಬಹುದು. ತೆಂಗಿನೆಣ್ಣೆ ಈ ವಿಷಯದಲ್ಲಿ ಸಾಧು, ಎಳ್ಳೆಣ್ಣೆ ಅಷ್ಟು ಸಾಧುವಲ್ಲ. ದೀಪಾವಳಿಗೆ ತಲೆಗೆ ಎಳ್ಳೆಣ್ಣೆ ಇಟ್ಟುಕೊಳ್ಳುವ ಮನೆಯವರು ಆ ಟವೆಲನ್ನು ಹಗ್ಗದ ಮೇಲೆ ಹರವುವುದೇ ಸರಿ.

ಹಗ್ಗ ಎಲ್ಲಿದೆ ಎನ್ನುತ್ತೀರಿ. ಒಣಹಾಕಿದ ಬಟ್ಟೆ ಬಡತನದ ಗುರುತು, ಮನೆಗಳ ಬೆಲೆ ಇಳಿಯುತ್ತದೆ ಎಂದು ಎಷ್ಟೋ ಬಡಾವಣೆಗಳ ಸಂಘಗಳು ಹಗ್ಗವನ್ನೇ ನಿಷೇಧಿಸಿವೆ. ಬಿಸಿಲಿಗೆ ಬಟ್ಟೆ ಹಾಕುವ ಹಕ್ಕನ್ನು ಜನ ಕಾನೂನಿನ ಮೂಲಕ ಪಡೆಯಬೇಕಾಯಿತು: ಫ್ಲಾರಿಡಾ, ವರ್ಮಾಂಟ್, ಹವಾಯಿಗಳಲ್ಲಿ, ಕೆನಡಾದ ಒಂಟಾರಿಯೊದಲ್ಲಿ. ಸೂರ್ಯನನ್ನು ತಡೆದು, ಗೋಡೆಯೊಳಗೆ ಬಿಸಿಗಾಳಿ ಹರಿಸಿ, ಆಮೇಲೆ ಅದನ್ನು ಶುಚಿ ಮಾಡಲು ಬಂದವನನ್ನು ಭಯದ ವ್ಯಾಪಾರಿ ಎನ್ನುವುದು ಯಾವ ನ್ಯಾಯವೋ!

ಗೆಳೆಯನಿಗೆ ಇದೆಲ್ಲ ಹೇಳಿದೆ. “ನೀವು ಹೇಳೋದೂ ಸರಿ ಆಂಟಿ” ಎಂದು ಇನ್ನೆರಡು ಹೋಳಿಗೆ ಹಾಕಿಸಿಕೊಂಡ. ಮರುದಿನ ಎಣ್ಣೆಸ್ನಾನ ಮಾಡಿದೆ. ಟವೆಲನ್ನು ಬಾಲ್ಕನಿಯ ಕಂಬಿಯ ಮೇಲೆ ಹರವಿದೆ, ಸಂಜೆಯೊಳಗೆ ಗರಿಗರಿಯಾಗಿ ಒಣಗಿತು. ಮುಂದಿನ ವಾರ ಬಡಾವಣೆಯ ಸಂಘದಿಂದ ಮಗನ ಹೆಸರಿಗೆ ಪತ್ರ ಬಂತು. ಸೊಸೆ ಅದನ್ನು ನಗುತ್ತಾ ಫ್ರಿಜ್ಜಿನ ಬಾಗಿಲಿಗೆ, ಕೊಳವೆ ಚೊಕ್ಕಟ ಮಾಡಿದವನ ರಸೀದಿಯ ಪಕ್ಕಕ್ಕೆ ಅಂಟಿಸಿದಳು.