ಮಂಗಟ್ಟೆಯ ಮನೆ ಮುಂದೆ ಕ್ಯಾಮೆರಾ ಬೇಡ

ಪರೀಕ್ಷೆ ಮುಗಿಯಿತು, ರಜೆ ಬಂತು. ಅಪ್ಪನದೋ ಅಮ್ಮನದೋ ಮೊಬೈಲ್ ಮಕ್ಕಳ ಕೈಗೆ ಬರುವ ಕಾಲವೂ ಇದೇ. ಅದರಲ್ಲಿ ಆಟ ಆಡುವ ಬದಲು ಹಕ್ಕಿಗಳ ಫೋಟೊ ತೆಗೆದರೆ ಹೇಗೆ? ಅದಕ್ಕಾಗಿ ಈ ವಾರ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕಡೆ ಒಂದು ಸುತ್ತು ಹೋಗಿಬರೋಣ. ಬೇರೆ ಊರಿನ ಮಕ್ಕಳೂ ಜೊತೆಗೆ ಬನ್ನಿ. ಇಲ್ಲಿ ಹೇಳುವ ಮಾತು ನಿಮ್ಮ ಹಿತ್ತಿಲಿಗೂ ಹೊಂದುತ್ತದೆ.

ಬೇಸಿಗೆಯಲ್ಲಿ ಹಕ್ಕಿ ನೋಡುವುದು ಸುಲಭ. ಎಲೆ ಉದುರಿದ ಮರಗಳಲ್ಲಿ ಅವು ಎದ್ದು ಕಾಣುತ್ತವೆ. ಕೆರೆಯ ನೀರು ಇಳಿದಂತೆ ಉಳಿದ ನೀರಿನ ಸುತ್ತ ಗುಂಪುಗೂಡುತ್ತವೆ. ಚಳಿಗಾಲಕ್ಕೆಂದು ದೂರದೇಶದಿಂದ ಬಂದ ಹಕ್ಕಿಗಳು ಹೊರಟುಹೋಗಿರುತ್ತವೆ, ಊರಿನವು ಉಳಿದಿರುತ್ತವೆ. ಉಳಿದವುಗಳಲ್ಲಿ ಅನೇಕಕ್ಕೆ ಇದು ಗೂಡು ಕಟ್ಟಿ ಮರಿ ಮಾಡುವ ಕಾಲ.

ಹಳಿಯಾಳದ ಕಡೆ ಬಯಲು ಗದ್ದೆಗಳು ಹೆಚ್ಚು. ಅಲ್ಲಿ ವಿದ್ಯುತ್ ತಂತಿಯ ಮೇಲೆ ನಮ್ಮ ರಾಜ್ಯಪಕ್ಷಿ ನೀಲಕಂಠ ಕುಳಿತಿರಬಹುದು. ಕುಳಿತಾಗ ಮಂಕಾಗಿ ಕಾಣುವ ಅದು ಹಾರಿದ ಕೂಡಲೇ ರೆಕ್ಕೆಯ ನೀಲಿಯೆಲ್ಲ ತೆರೆದುಕೊಳ್ಳುತ್ತದೆ. ಮುಂಡಗೋಡದ ಬಳಿ ಅತ್ತಿವೇರಿ ಪಕ್ಷಿಧಾಮವಿದೆ. ಅಲ್ಲಿ ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆಗಳನ್ನು ನೋಡಬಹುದು. ನೀರುಕಾಗೆ ಮುಳುಗಿ ಮೀನು ಹಿಡಿಯುವಾಗ ಅದರ ಗರಿ ನೆನೆಯುತ್ತದೆ. ಆಮೇಲೆ ಅದು ರೆಕ್ಕೆ ಅಗಲಿಸಿಕೊಂಡು ಬಿಸಿಲಿಗೆ ನಿಲ್ಲುತ್ತದೆ, ಅಜ್ಜಿ ಹಗ್ಗದ ಮೇಲೆ ಸೀರೆ ಒಣಹಾಕಿದ ಹಾಗೆ! ಮುಂಡಗೋಡದ ಟಿಬೆಟನ್ ನೆಲೆಯಲ್ಲಿ ಗಾಳಿಗೆ ಆಡುವ ಬಣ್ಣದ ಬಾವುಟಗಳೂ ಒಳ್ಳೆಯ ಚಿತ್ರವೇ. ಆದರೆ ಜನರ ಫೋಟೊ ತೆಗೆಯುವ ಮೊದಲು ಅವರನ್ನು ಕೇಳಬೇಕು, ಅಷ್ಟೇ.

ಜೋಯಿಡಾ, ದಾಂಡೇಲಿ ಕಡೆ ಬಂದರೆ ದಟ್ಟ ಕಾಡು, ಕಾಳಿ ನದಿ. ಇಲ್ಲಿಯ ದೊಡ್ಡ ಅತಿಥಿ ಮಂಗಟ್ಟೆ, ಅಂದರೆ ಹಾರ್ನ್‌ಬಿಲ್. ಭಾರತದಲ್ಲಿರುವ 9 ಜಾತಿಯ ಮಂಗಟ್ಟೆಗಳಲ್ಲಿ 4 ಜಾತಿ ದಾಂಡೇಲಿಯ ಸುತ್ತಮುತ್ತ ಇವೆ. ದೊಡ್ಡ ಮಂಗಟ್ಟೆ ಹಾರಿದರೆ ರೆಕ್ಕೆಯ ಸದ್ದು ಹಳೆಯ ಉಗಿಬಂಡಿಯ ಉಸಿರಿನಂತೆ ಕೇಳುತ್ತದೆ. ಉಗಿಬಂಡಿ ಹೇಗೆ ಸದ್ದು ಮಾಡುತ್ತಿತ್ತು ಎಂದು ಅಜ್ಜನನ್ನು ಕೇಳಿ, ಮಾಡಿ ತೋರಿಸಿಯಾರು. ಈ ಹಕ್ಕಿಗಳಿಗಾಗಿಯೇ ಸರ್ಕಾರ 2011ರಲ್ಲಿ ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಿತು.

ಮಂಗಟ್ಟೆಯ ಬಾಣಂತನ ಬಹಳ ವಿಚಿತ್ರ. ಹಳೆಯ ದೊಡ್ಡ ಮರದ ಪೊಟರೆಯೊಳಗೆ ಹೆಣ್ಣು ಸೇರಿಕೊಳ್ಳುತ್ತದೆ. ಹಿಕ್ಕೆ, ಹಣ್ಣಿನ ತಿರುಳುಗಳಿಂದ ಬಾಗಿಲು ಮುಚ್ಚಿಕೊಂಡು ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಒಳಗೆ ಮೊಟ್ಟೆ ಇಟ್ಟು, ತನ್ನ ದೊಡ್ಡ ರೆಕ್ಕೆಗರಿಗಳನ್ನೂ ಉದುರಿಸಿಕೊಳ್ಳುತ್ತದೆ. ಆಗ ಅದಕ್ಕೆ ಹಾರಲು ಬರುವುದಿಲ್ಲ. ಆ ಎರಡು ಮೂರು ತಿಂಗಳು ಗಂಡೇ ಅನ್ನದಾತ. ಅತ್ತಿ, ಆಲ, ಬಸರಿಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದಾಗಿ ಹೊರತೆಗೆದು ಸೀಳಿನೊಳಗೆ ಕೊಡುತ್ತದೆ.

ಈಗ ಯೋಚಿಸಿ. ಆ ಮರದ ಕೆಳಗೆ ಹತ್ತು ಜನ ಕ್ಯಾಮೆರಾ ಹಿಡಿದು ನಿಂತಿದ್ದಾರೆ. ಹಣ್ಣು ತಂದ ಗಂಡು ದೂರದ ಕೊಂಬೆಯಲ್ಲಿ ಕುಳಿತು ನೋಡುತ್ತದೆ. ಜನ ಕದಲುವುದಿಲ್ಲ, ಅದೂ ಹತ್ತಿರ ಬರುವುದಿಲ್ಲ. ಒಳಗೆ ತಾಯಿ, ಮರಿ ಹಸಿದು ಕಾಯುತ್ತಿವೆ. ನಮಗೆ ಒಂದು ಫೋಟೊ, ಅವಕ್ಕೆ ಒಂದು ಹೊತ್ತಿನ ಊಟ! ದಿನವೂ ಹೀಗಾದರೆ ಮರಿ ಉಳಿಯುವುದೇ ಕಷ್ಟ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆ ಎಂದೇ ಕರೆಯುತ್ತದೆ. ಕೋವಿ ಇಲ್ಲದೆಯೂ ಬೇಟೆಗಾರರಾಗಬಹುದು, ನೋಡಿ.

ಮಂಗಟ್ಟೆಗೆ ಪೊಟರೆ ಕೊರೆದುಕೊಳ್ಳಲು ಬರುವುದಿಲ್ಲ, ಇದ್ದದ್ದನ್ನೇ ಹುಡುಕಬೇಕು. ಒಂದು ಹಳೆಯ ಮರ ಹೋದರೆ ಒಂದು ಮನೆ ಹೋದಂತೆ. ಮಂಗಟ್ಟೆ ಹೋದರೆ ಕಾಡಿಗೂ ನಷ್ಟ. ಅದು ತಿಂದ ಹಣ್ಣಿನ ಬೀಜ ದೂರದಲ್ಲಿ ಬಿದ್ದು ಹೊಸ ಮರವಾಗುತ್ತದೆ.

ಹಾಗಾದರೆ ಫೋಟೊ ತೆಗೆಯುವುದೇ ಬೇಡವೇ? ತೆಗೆಯಿರಿ. ಗೂಡನ್ನು ಬಿಟ್ಟು, ಹಣ್ಣು ಬಿಟ್ಟ ಮರವನ್ನು ಹುಡುಕಿ. ಹಣ್ಣಾದ ಆಲದ ಮರದಿಂದ ದೂರ ಕುಳಿತರೆ ಮಂಗಟ್ಟೆ, ಕುಟ್ರು ಹಕ್ಕಿ, ಪಿಕಳಾರ ಎಲ್ಲವೂ ಊಟಕ್ಕೆ ಬರುತ್ತವೆ. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ ಬೆಳಕು ಮೃದುವಾಗಿರುತ್ತದೆ. ಸೂರ್ಯ ನಿಮ್ಮ ಬೆನ್ನಿಗಿರಲಿ. ಮೊಬೈಲಿನ ಕಣ್ಣನ್ನು ಹತ್ತಿ ಬಟ್ಟೆಯಿಂದ ಒರೆಸಿಕೊಳ್ಳಿ. ಫ್ಲ್ಯಾಶ್ ಬೇಡ. ಹಕ್ಕಿಯನ್ನು ಕರೆಯಲು ಮೊಬೈಲಿನಲ್ಲಿ ಅದರ ದನಿ ಹಾಕುವುದೂ ಬೇಡ. ಹಕ್ಕಿ ಚಿಕ್ಕದಾಗಿ ಬಂದರೆ ಬೇಸರ ಬೇಡ. ಮರ, ಆಕಾಶ, ನಡುವೆ ಒಂದು ಹಕ್ಕಿ, ಅದೂ ಚಂದದ ಚಿತ್ರ. ಅಕಸ್ಮಾತ್ ಗೂಡು ಕಂಡರೆ ಸುಮ್ಮನೆ ಹಿಂದೆ ಸರಿಯಿರಿ. ಅದು ಎಲ್ಲಿದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಾಕಬೇಡಿ.

ಕಾಡಿಗೆ ಹೋಗಲಾಗದವರಿಗೆ ಅಂಗಳವೇ ಸಾಕು. ನೆರಳಿನಲ್ಲಿ ಮಣ್ಣಿನ ಬೋಗುಣಿ ಇಟ್ಟು ದಿನವೂ ನೀರು ಬದಲಿಸಿ. ಕಿಟಕಿಯ ಒಳಗೆ ಅಲುಗಾಡದೆ ಕುಳಿತಿರಿ. ಪೂರ್ಣಚಂದ್ರ ತೇಜಸ್ವಿಯವರೂ ಮೂಡಿಗೆರೆಯಲ್ಲಿ ತಾಳ್ಮೆಯಿಂದ ಕಾದು ಕಾದೇ ಹಕ್ಕಿಗಳ ಚಿತ್ರ ತೆಗೆದವರು.

ಅಜ್ಜ ಅಜ್ಜಿಯರಿಗೂ ಒಂದು ಕೆಲಸ ಉಂಟು. ಮೊಮ್ಮಗು ತಂದ ಫೋಟೊದಲ್ಲಿರುವ ಹಕ್ಕಿಗೆ ನಿಮ್ಮ ಊರಿನಲ್ಲಿ ಏನೆನ್ನುತ್ತಿದ್ದರು ಎಂದು ಹೇಳಿಕೊಡಿ. ಕನ್ನಡವಾಗಲಿ, ಕೊಂಕಣಿಯಾಗಲಿ, ಮರಾಠಿಯಾಗಲಿ, ಆ ಹೆಸರು ಒಂದು ಪುಸ್ತಕದಲ್ಲಿ ದಾಖಲಾಗಲಿ. ಮೊಬೈಲಿನಲ್ಲಿ ಹುಡುಕಿದರೆ ಸಿಗದ ಹೆಸರುಗಳು ನಿಮ್ಮ ಬಳಿ ಇವೆ.

ಈ ವಾರದ ಕೆಲಸ: ಮನೆ ಹತ್ತಿರದ ಒಂದು ಮರವನ್ನು ಆರಿಸಿಕೊಳ್ಳಿ. ಪ್ರತಿ ಭಾನುವಾರ ಒಂದೇ ಜಾಗದಲ್ಲಿ ನಿಂತು ಅದರ ಫೋಟೊ ತೆಗೆಯಿರಿ. ಅಲ್ಲಿ ಕಂಡ ಹಕ್ಕಿಗಳ ಹೆಸರು, ದಿನಾಂಕ, ಸಮಯ ಬರೆದಿಡಿ. ಮೊದಲ ಮಳೆ ಬರುವ ತನಕ ಬಿಡದೆ ಮಾಡಿ. ಶಾಲೆ ಶುರುವಾದಾಗ ನಿಮ್ಮ ಬಳಿ ಒಂದು ಇಡೀ ಬೇಸಿಗೆಯ ಕಥೆ ಇರುತ್ತದೆ.