ಪಾಠ ಇಲ್ಲ, ಪರೀಕ್ಷೆ ಮಾತ್ರ ಐತೆ

ಪಾಠ ಮಾಡದೆ ಪರೀಕ್ಷೆ ಇಡೋದು ಎಲ್ಲಾದ್ರೂ ಕೇಳಿದ್ದೀರಾ? ಭಾಗಾಕಾರ ಹೇಳಿಕೊಡದೆ ಭಾಗಾಕಾರದ ಲೆಕ್ಕ ಕೊಟ್ಟು ಅಂಕ ಕಳೆದ್ರೆ ನಾವು ತಾಯಂದ್ರು ಸುಮ್ನೆ ಇರ್ತೀವಾ? ಸೀದಾ ಶಾಲೆ ಬಾಗಿಲಿಗೆ ಹೋಗಿ ಕೇಳ್ತೀವಿ. ಆದ್ರೆ ಸಂಗೀತದಲ್ಲಿ ವರ್ಷಾ ವರ್ಷಾ ಇದೇ ನಡೀತಾ ಐತೆ, ಯಾರೂ ಕೇಳಲ್ಲ.

ಪ್ರತಿಭಾ ಕಾರಂಜಿ ಬಂತು ಅಂದ್ರೆ ನೋಡ್ರಿ. "ಯಾರಿಗೆ ಹಾಡಕ್ಕೆ ಬರುತ್ತೆ, ಕೈ ಎತ್ತಿ" ಅಂತಾರೆ. ಕೈ ಎತ್ತಿದವಳಿಗೆ ಒಂದು ಭಕ್ತಿಗೀತೆ, ಪಕ್ಕದವಳಿಗೆ ಒಂದು ಜನಪದ ಗೀತೆ. ಮನೇಲಿ ಅಮ್ಮ ರೊಟ್ಟಿ ತಟ್ಟುತ್ತಾ ಮೊಬೈಲಿನಲ್ಲಿ ಹಾಡು ಹಾಕಿ ಬಾಯಿಪಾಠ ಮಾಡಿಸ್ಬೇಕು. ಸ್ಪರ್ಧೆ ದಿನ ಎದುರಿಗೆ ಕೂತ ತೀರ್ಪುಗಾರರು ಶ್ರುತಿ ಹಿಡಿದ್ಲಾ, ತಾಳ ತಪ್ಪಿದ್ಲಾ ಅಂತ ನೋಡಿ ಅಂಕ ಹಾಕ್ತಾರೆ. ಶ್ರುತಿ ಅಂದ್ರೇನು, ತಾಳ ಅಂದ್ರೇನು ಅಂತ ಆ ಮಗುವಿಗೆ ಯಾವ ಪೀರಿಯಡ್ಡಿನಲ್ಲಿ ಯಾರು ಹೇಳಿಕೊಟ್ಟಿದ್ರು? ಸೋತು ಬಂದ ಹುಡುಗಿಗೆ ನಾವು ಏನಂತೀವಿ? "ನಿನಗೆ ಕಂಠ ಇಲ್ಲ ಬಿಡು" ಅಂತೀವಿ. ತಪ್ಪು ಕಂಠದ್ದಲ್ಲ ಕಣ್ರೇ, ಪಾಠ ಮಾಡದವರದ್ದು.

ನಾನು ಕೇಳೋದು ದೊಡ್ಡದೇನಲ್ಲ. ನಮ್ಮ ಶಿಕಾರಿಪುರ, ಸೊರಬದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಒಂದು ಪೀರಿಯಡ್ಡು ಸಂಗೀತದ ಮೊದಲ ಪಾಠಕ್ಕೆ ಇಡಬೇಕು. ಎಲ್ಲಾ ಮಕ್ಕಳೂ ವಿದ್ವಾಂಸರಾಗ್ಲಿ ಅಂತಲ್ಲ. ಅ ಆ ಇ ಈ ಕಲಿತವರೆಲ್ಲ ಕವಿ ಆಗ್ತಾರಾ? ಆಗಲ್ಲ. ಆದ್ರೂ ಅಕ್ಷರ ಎಲ್ಲರಿಗೂ ಬೇಕು ಅಂತೀವಲ್ಲ. ಇದೂ ಹಂಗೇ.

ಇವತ್ತು ಸಂಗೀತಶಾಸ್ತ್ರ ಯಾರಿಗೆ ಸಿಗ್ತೈತೆ ಯೋಚನೆ ಮಾಡ್ರಿ. ಪೇಟೇಲಿ ಮನೆ ಇರ್ಬೇಕು, ತಿಂಗಳು ತಿಂಗಳು ಫೀಸು ಕೊಡೋ ಶಕ್ತಿ ಇರ್ಬೇಕು, ಇಲ್ಲಾ ಹಾಡೋ ಮನೆತನದಲ್ಲೇ ಹುಟ್ಟಿರ್ಬೇಕು. ತಾಳಗುಂದದ ಕಡೆಯ ಹುಡುಗಿ, ಚಂದ್ರಗುತ್ತಿ ಕಡೆಯ ಹುಡುಗ ಸಂಜೆ ಬಸ್ಸು ಹಿಡಿದು ಟ್ಯೂಷನ್ನಿಗೆ ಬಂದು ಕತ್ತಲಾದ ಮೇಲೆ ಮನೆ ಸೇರೋದು ಆಗೋ ಮಾತಾ? ಶಾಲೆ ಒಂದೇ ಎಲ್ಲಾ ಮಕ್ಕಳೂ ಹೋಗೋ ಜಾಗ. ಅಲ್ಲಿ ಸಿಗದಿದ್ದದ್ದು ಬಡವರ ಮಕ್ಕಳಿಗೆ ಎಲ್ಲೂ ಸಿಗಲ್ಲ.

ನಮ್ಮ ಸೀಮೆ ಸಂಗೀತ ಇಲ್ಲದ ಸೀಮೆಯಾ? ಅಲ್ಲಮಪ್ರಭು ನಮ್ಮ ಬಳ್ಳಿಗಾವಿಯವನು, ದೇವಸ್ಥಾನದಲ್ಲಿ ಮದ್ದಳೆ ನುಡಿಸ್ತಿದ್ದ ಅಂತ ಹರಿಹರ ಕವಿ ತನ್ನ ರಗಳೆಯಲ್ಲಿ ಬರೆದಿದ್ದಾನೆ. ಇವತ್ತಿಗೂ ಡೊಳ್ಳು ಬಡಿಯೋ ಊರು ಎಷ್ಟಿಲ್ಲ? ದೀಪಾವಳಿ ರಾತ್ರಿ ದೀಪ ಹಿಡಿದು ಮನೆ ಮನೆಗೆ ಬರೋ ಅಂಟಿಗೆ ಪಂಟಿಗೆಯವರು ಒಬ್ಬರು ಹೇಳಿಕೊಟ್ಟಂಗೆ ಉಳಿದವರು ಸೊಲ್ಲು ಎತ್ತಿ ಹಾಡ್ತಾರೆ. ಮದುವೆ ಮನೇಲಿ ನಮ್ಮ ಅಜ್ಜಿಯರು ಸೋಬಾನೆ ಹಾಡಿದ್ದು ಯಾವ ಪುಸ್ತಕ ನೋಡಿ? ಇಂಥ ಕಡೆ ಹುಟ್ಟಿದ ಮಕ್ಕಳ ಕಿವಿ ಖಾಲಿ ಇರಲ್ಲ. ಕಿವೀಲಿ ಇರೋದಕ್ಕೆ ಹೆಸರು ಗೊತ್ತಿಲ್ಲ, ಅಷ್ಟೇ. ಹೆಸರು ಗೊತ್ತಿಲ್ಲದ್ದನ್ನ ಬರೆದಿಡಕ್ಕೆ ಬರಲ್ಲ, ಇನ್ನೊಬ್ಬರಿಗೆ ತಿದ್ದಿ ಹೇಳಕ್ಕೆ ಬರಲ್ಲ, ಪರೀಕ್ಷೇಲಿ ಉತ್ತರ ಬರೆಯಕ್ಕೆ ಬರಲ್ಲ. ಸರ್ಕಾರದ ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೇಲಿ ಹಾಡೋದರ ಜೊತೆಗೆ ಶಾಸ್ತ್ರದ ಪತ್ರಿಕೆಯೂ ಇರ್ತೈತೆ. ಎಷ್ಟು ಚೆನ್ನಾಗಿ ಹಾಡೋ ಹುಡುಗಿಯಾದ್ರೂ ಅಲ್ಲಿ ಪೆನ್ನು ಕಚ್ಚಿಕೊಂಡು ಕೂರ್ಬೇಕು.

ಇನ್ನೊಂದು ವಿಷಯ ಕೇಳಿದ್ರೆ ನಿಮಗೇ ಆಶ್ಚರ್ಯ ಆಗ್ತೈತೆ. ಈ ಶಾಸ್ತ್ರದ ಅರ್ಧ ಪಾಠ ಶಾಲೆಯಲ್ಲಿ ಆಗ್ಲೇ ನಡೀತಾ ಐತೆ! ಹೈಸ್ಕೂಲಿನ ಕನ್ನಡ ಪುಸ್ತಕದಲ್ಲಿ ಛಂದಸ್ಸು ಐತಲ್ಲ, ಅದೇ. ನಾವೂ ನೀವೂ ಎಲ್ಲ ಪ್ರಸ್ತಾರ ಹಾಕಿದವರೇ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಭಾಮಿನಿ ಷಟ್ಪದಿ ಅಂದ್ರೆ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಯ ಗಣ. ವಾರ್ಧಕ ಅಂದ್ರೆ ಐದೈದು ಮಾತ್ರೆ. ಗೆರೆ ಎಳೆದು, ಗಣ ಕತ್ತರಿಸಿ, ಅಂಕ ತಗೊಂಡು ಪುಸ್ತಕ ಮುಚ್ಚಿದ್ವಿ. ಅದನ್ನ ಕೈಯಲ್ಲಿ ತಟ್ಟಿ ನೋಡಿ ಅಂತ ಯಾರಾದ್ರೂ ಹೇಳಿದ್ರಾ? ಮೂರು ನಾಲ್ಕು ಅಂತ ತಟ್ಟಿದ್ರೆ ತಕಿಟ ತಕಧಿಮಿ, ಅದೇ ಮಿಶ್ರ ಛಾಪಿನ ನಡೆ. ಐದೈದು ತಟ್ಟಿದ್ರೆ ಖಂಡ ನಡೆ. ಕುಮಾರವ್ಯಾಸ ಭಾರತ ಹೇಳಿದ್ದು ಭಾಮಿನಿಯಲ್ಲಿ, ಲಕ್ಷ್ಮೀಶ ಜೈಮಿನಿ ಭಾರತ ಹೇಳಿದ್ದು ವಾರ್ಧಕದಲ್ಲಿ. ಹಾಡಿ ಕೇಳಿಸಕ್ಕೆ ಮಾಡಿದ್ದನ್ನ ನಾವು ಗೆರೆ ಎಳೆಯೋ ಲೆಕ್ಕ ಮಾಡಿಟ್ಟಿದ್ದೀವಿ. ನಮ್ಮ ಜಿಲ್ಲೆಯ ಹೊಸಹಳ್ಳಿ ಗಮಕಕ್ಕೇ ಹೆಸರಾದ ಊರು. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಪಕ್ಕದಲ್ಲೇ ಇಂಥ ಊರು ಇಟ್ಟುಕೊಂಡು ಮಕ್ಕಳಿಗೆ ಷಟ್ಪದಿಯನ್ನ ಮೂಕವಾಗಿ ಕಲಿಸ್ತೀವಲ್ಲ, ಇದಕ್ಕೇನು ಹೇಳೋದು?

ಇಲ್ಲೊಂದು ತೊಡಕು ಐತೆ, ಅದನ್ನೂ ಶಾಲೆಯೇ ಬಿಡಿಸ್ಬೇಕು. ಛಂದಸ್ಸಿನಲ್ಲಿ ಲಘು ಅಂದ್ರೆ ಒಂದು ಮಾತ್ರೆ. ಆದಿತಾಳದ ಲಘು ಅಂದ್ರೆ ನಾಲ್ಕು ಎಣಿಕೆ. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು, ಅಲ್ಲಿಗೆ ಲಘು ಮುಗೀತು. ಆಮೇಲೆ ಪೆಟ್ಟು ಹುಸಿ, ಪೆಟ್ಟು ಹುಸಿ, ಇವು ಎರಡು ದ್ರುತ. ಒಟ್ಟು ಎಂಟು. ಒಂದೇ ಹೆಸರು, ಎರಡು ಅರ್ಥ. ಇದನ್ನ ಹೇಳಿಕೊಡದಿದ್ರೆ ಕನ್ನಡದಲ್ಲಿ ಜಾಣೆಯಾದವಳೇ ಸಂಗೀತ ಪರೀಕ್ಷೇಲಿ ಎಡವ್ತಾಳೆ.

"ಲೆಕ್ಕ ವಿಜ್ಞಾನಕ್ಕೇ ಟೈಮಿಲ್ಲ, ಇದೊಂದು ಬೇರೆ" ಅನ್ನೋವ್ರಿಗೆ ಒಂದು ಲೆಕ್ಕ ಹೇಳ್ತೀನಿ, ಕೇಳಿ. ಭಜನೆ ಮಂಡಳಿಯ ಹಾರ್ಮೋನಿಯಂ ನೋಡಿದ್ದೀರಲ್ಲ, ಒಂದು ಸ್ಥಾಯಿಗೆ ಬಿಳಿ ಮನೆ 7, ಕಪ್ಪು ಮನೆ 5, ಒಟ್ಟು 12. ಸ ಮತ್ತು ಪ ಕದಲೋ ಸ್ವರಗಳಲ್ಲ. ಮ ಎರಡು ತರ. ಸ ಮತ್ತು ಮೊದಲ ಮ ನಡುವೆ ನಾಲ್ಕು ಮನೆ ಸಿಗ್ತಾವೆ, ಅದರಲ್ಲಿ ಎರಡು ಆರಿಸ್ಬೇಕು, ಕೆಳಗಿನದು ರಿ, ಮೇಲಿನದು ಗ. ಎಷ್ಟು ತರ ಆರಿಸಬಹುದು? ಆರು ತರ. ಪ ಮೇಲೂ ಹಂಗೇ, ಧ ಮತ್ತು ನಿ ಆರು ತರ. ಆರಾರ್ಲೆ ಮೂವತ್ತಾರು. ಮ ಎರಡು ತರ ಇರೋದ್ರಿಂದ ಮೂವತ್ತಾರೆರಡ್ಲೆ ಎಪ್ಪತ್ತೆರಡು. ಇದೇ 72 ಮೇಳಕರ್ತ. 17ನೇ ಶತಮಾನದಲ್ಲಿ ತಂಜಾವೂರಿನಲ್ಲಿ ಕೂತು ವೆಂಕಟಮಖಿ 'ಚತುರ್ದಂಡಿ ಪ್ರಕಾಶಿಕೆ'ಯಲ್ಲಿ ಈ ಲೆಕ್ಕ ಹಾಕಿದ್ರು. ಅವರ ತಂದೆ ಗೋವಿಂದ ದೀಕ್ಷಿತರು ಕನ್ನಡ ಮನೆತನದವರು. ಪಿಯುಸಿ ಗಣಿತದಲ್ಲಿ ಕಾಂಬಿನೇಶನ್ ಅಂತ ತಲೆಕೆಡಿಸ್ಕೊಳ್ತಾರಲ್ಲ ಮಕ್ಕಳು, ಅದನ್ನೇ ಹಾರ್ಮೋನಿಯಂ ಮುಂದೆ ಕೂರಿಸಿ ಕಲಿಸಿದ್ರೆ ಮರೀತಾರಾ? ಸಂಗೀತ ಲೆಕ್ಕದ ಟೈಮು ತಿನ್ನಲ್ಲ ಕಣ್ರೇ, ಲೆಕ್ಕಕ್ಕೆ ಕಿವಿ ಕೊಡ್ತೈತೆ.

ಇನ್ನು ಕೆಲವರು "ಯಾವ ಸಂಗೀತ ಕಲಿಸೋದು, ಕರ್ನಾಟಕಿಯಾ ಹಿಂದೂಸ್ತಾನಿಯಾ?" ಅಂತ ಜಗಳ ತೆಗೀತಾರೆ. ನಾವು ಇರೋ ಜಾಗ ನೋಡ್ರಿ. ಶಿವಮೊಗ್ಗದ ಕಡೆ ಕರ್ನಾಟಕ ಸಂಗೀತ, ಆನವಟ್ಟಿ ದಾಟಿ ಹಾನಗಲ್ ಮೇಲೆ ಧಾರವಾಡದ ಕಡೆ ಹೋದ್ರೆ ಹಿಂದೂಸ್ತಾನಿ. ಎರಡಕ್ಕೂ ಮನೆ ಹನ್ನೆರಡೇ, ಸ ಪ ಎರಡರಲ್ಲೂ ಗಟ್ಟಿ. ನಾವು ಶುದ್ಧ ರಿಷಭ ಅನ್ನೋದನ್ನ ಅವರು ಕೋಮಲ ರೇ ಅಂತಾರೆ. ಚಿಕ್ಕಮ್ಮನನ್ನ ಒಬ್ಬರು ಚಿಗವ್ವ ಅಂತಾರೆ, ಇನ್ನೊಬ್ಬರು ಚಿಕ್ಕಿ ಅಂತಾರೆ. ಅಷ್ಟಕ್ಕೆ ಚಿಕ್ಕಮ್ಮ ಬೇರೆ ಆಗ್ತಾಳಾ? ಮೊದಲ ಪಾಠಕ್ಕೆ ಈ ಜಗಳ ಬೇಕಾಗಿಲ್ಲ.

"ಶಾಸ್ತ್ರ ಕಲಿತ್ರೆ ನಮ್ಮ ಜನಪದ ಕೆಡುತ್ತೆ" ಅನ್ನೋ ಮಾತು ಕೇಳಕ್ಕೆ ಚೆಂದ. ಆದ್ರೆ ಜನಪದ ಕೆಡ್ತಿರೋದು ಶಾಸ್ತ್ರದಿಂದ ಅಲ್ಲ, ವಾರ್ಷಿಕೋತ್ಸವದಲ್ಲಿ ಕಿವಿ ಒಡೆಯಂಗೆ ಹಾಕೋ ಸಿನಿಮಾ ಟ್ರ್ಯಾಕಿನಿಂದ. ವ್ಯಾಕರಣ ಕಲಿತ ಹುಡುಗಿ ಅಮ್ಮನ ಹತ್ರ ಮಾತಾಡೋದು ಬಿಟ್ಟಿದ್ದಾಳಾ? ಡೊಳ್ಳಿನ ಪೆಟ್ಟನ್ನ ಎಣಿಸಿ ಬರೆಯಕ್ಕೆ ಬಂದ್ರೆ, ಬಡಿಯೋ ಅಜ್ಜ ಹೋದ ಮೇಲೂ ಆ ನಡೆ ಉಳೀತೈತೆ.

"ಗಂಗೂಬಾಯಿ ಹಾನಗಲ್ ಶಾಲೆಯಲ್ಲಿ ಕಲಿತ್ರಾ?" ಅಂತಲೂ ಕೇಳ್ತಾರೆ. ಇಲ್ಲ, ಅವರು ಓದಿದ್ದೇ ಐದನೇ ತರಗತಿ. ಆದ್ರೆ ಅವರ ತಾಯಿ ಅಂಬಾಬಾಯಿ ಸ್ವತಃ ಹಾಡುಗಾರ್ತಿ, ಆಮೇಲೆ ಗುರುವಾಗಿ ಸಿಕ್ಕಿದ್ದು ಸವಾಯಿ ಗಂಧರ್ವರು. ನಮ್ಮ ಮಕ್ಕಳಿಗೆ ಮನೇಲಿ ಅಂಬಾಬಾಯಿ ಇದ್ದಾರಾ? ಇಲ್ಲದ್ದಕ್ಕೇ ಶಾಲೆ ಬೇಕು ಅನ್ನೋದು.

ಕೊನೇ ನೆಪ, ಮೇಷ್ಟ್ರು ಎಲ್ಲಿದ್ದಾರೆ ಅಂತ. ಇದನ್ನ ನಾವು ಹೆಂಗಸರು ಸ್ವಲ್ಪ ಖಾರವಾಗೇ ಮಾತಾಡ್ಬೇಕು. ಹಿಂದೆ ಹೆಣ್ಣು ನೋಡಕ್ಕೆ ಬಂದವರು "ಒಂದು ಹಾಡು ಹೇಳಮ್ಮ" ಅಂತಿದ್ರು. ಅದಕ್ಕೋಸ್ಕರ ನಮ್ಮ ಬಳಗದಲ್ಲಿ ಎಷ್ಟು ಹೆಣ್ಣುಮಕ್ಕಳನ್ನ ಸಂಗೀತಕ್ಕೆ ಹಾಕಿದ್ರು, ಎಷ್ಟು ಜನ ಜೂನಿಯರ್ ಮುಗಿಸಿದ್ರು, ಸೀನಿಯರ್ ಮುಗಿಸಿದ್ರು! ತಾಳಿ ಬಿದ್ದ ಮೇಲೆ ಆ ಸರ್ಟಿಫಿಕೇಟು ಟ್ರಂಕಿನ ತಳಕ್ಕೆ ಹೋಯ್ತು, ರೇಷ್ಮೆ ಸೀರೆ ಕೆಳಗೆ. ಹಾಡು ಬೇಕಾಗಿದ್ದು ಗಂಡಿನ ಕಡೆಯವರ ಮುಂದೆ ಒಂದು ಸಲ ಮಾತ್ರ. ಈ ಅಕ್ಕಂದ್ರು, ಅತ್ತಿಗೆಯರು ಇವತ್ತೂ ಮಧ್ಯಾಹ್ನ ಮನೇಲೇ ಇದ್ದಾರೆ. ಬೇರೆ ವಿಷಯಕ್ಕೆ ಅತಿಥಿ ಶಿಕ್ಷಕರನ್ನ ತಗೋತಾರಲ್ಲ, ಹಂಗೇ ಇವರನ್ನ ವಾರಕ್ಕೆರಡು ದಿನ ಗೌರವಧನ ಕೊಟ್ಟು ಕರೆದ್ರೆ ಸಂಗೀತದ ಪೀರಿಯಡ್ಡು ನಡೆಯಲ್ವಾ? ಪುಕ್ಕಟೆ ಅಲ್ಲ, ದುಡ್ಡು ಕೊಟ್ಟೇ ಕರೀಬೇಕು. ಹೆಂಗಸರ ವಿದ್ಯೆ ಅಂದ್ರೆ ದೇವರ ಸೇವೆ ಅಂತ ಬಿಟ್ಟಿ ಮಾಡಿಸ್ಕೊಳ್ಳೋದು ಇನ್ನು ಸಾಕು.

ಇದು ನನ್ನೊಬ್ಬಳ ಹಟ ಅಂದ್ಕೋಬೇಡಿ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೆ ಕಲೆ ಕಡ್ಡಾಯ ವಿಷಯ ಆಗ್ಬೇಕು ಅಂತು. 2020ರ ಶಿಕ್ಷಣ ನೀತಿ ಪಾಠ ಬೇರೆ, ಪಠ್ಯೇತರ ಬೇರೆ ಅನ್ನೋ ಗೋಡೆ ಇರಬಾರದು ಅಂತು. ಕಾಗದದಲ್ಲಿ ಎಲ್ಲಾ ಐತೆ. ವೇಳಾಪಟ್ಟಿಯಲ್ಲಿ ಮಾತ್ರ ಇಲ್ಲ.

ಅದಕ್ಕೆ ಮುಂದಿನ ಸಲ ಎಸ್‌ಡಿಎಂಸಿ ಸಭೆಗೆ ಹೋದಾಗ ಬಿಸಿಯೂಟ, ಶೌಚಾಲಯ ಕೇಳಿದ ಮೇಲೆ ಇದನ್ನೂ ಕೇಳಿ. ವರ್ಷದಲ್ಲಿ ಕಲಿಸ್ಬೇಕಾದ್ದು ಐದೇ ಐದು: ಏಳು ಸ್ವರದ ಹೆಸರು, ಹನ್ನೆರಡು ಸ್ಥಾನ, ಶ್ರುತಿಗೆ ದನಿ ಸೇರಿಸೋದು, ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಆದಿತಾಳದ ಎಣಿಕೆ. ಇಷ್ಟು ಕಲಿಸಿ, ಆಮೇಲೆ ಬೇಕಾದ್ರೆ ಪ್ರತಿಭಾ ಕಾರಂಜಿಯಲ್ಲಿ ಅಂಕ ಕಳೀಲಿ, ನಾವು ಒಪ್ಪಿಕೊಳ್ತೀವಿ. ಅಲ್ಲಿವರೆಗೆ ಸೋತು ಬಂದ ಯಾವ ಮಗುವಿಗೂ ಕಂಠ ಇಲ್ಲ ಅನ್ನಬೇಡಿ. ಕನ್ನಡ ಪುಸ್ತಕ ತೆಗೆಸಿ, ಯಾವುದಾದ್ರೂ ಷಟ್ಪದಿಗೆ ಒಟ್ಟಿಗೆ ಕೂತು ಕೈ ತಟ್ಟಿ. ಹಿಟ್ಟಿನ ಕೈಯಾದ್ರೂ ತೊಂದ್ರೆ ಇಲ್ಲ.