ಮರಿಯನ್ನು ಎತ್ತುವ ಮುನ್ನ ಮರ ನೋಡಿ

ಮೇ ತಿಂಗಳು ಬಂತೆಂದರೆ ಖಡಕಿಯ ದಂಡು ಪ್ರದೇಶದ ನಮ್ಮ ಓಣಿಯ ಹುಡುಗರು ಬೂಟಿನ ಡಬ್ಬಿ ಹಿಡಿದು ಬಾಗಿಲಿಗೆ ಬರುತ್ತಾರೆ. "ಅಜ್ಜಾ, ಮರಿ ಬಿದ್ದೈತ್ರಿ, ಹಾಲು ಕುಡಸೂಣೇನು?" ಬ್ಯಾಡ್ರಪ್ಪಾ. ಹಕ್ಕಿಗೆ ಹಾಲು ಅರಗುವುದಿಲ್ಲ. ಬಾಯಿಗೆ ನೀರು ಹನಿಸುವುದೂ ಅಪಾಯ. ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ಶ್ವಾಸಕೋಶಕ್ಕೆ ಇಳಿದುಬಿಡಬಹುದು.

ನನ್ನ ತಕರಾರು ಕರುಣೆಯ ಮೇಲಲ್ಲ, ಅದರ ಅವಸರದ ಮೇಲೆ. ಮೈತುಂಬ ಪುಕ್ಕ, ಮೋಟು ಬಾಲ, ಕುಪ್ಪಳಿಸುವ ಕಾಲು ಇರುವ ಪಿಕಳಾರದ ಮರಿ ಅನಾಥವಲ್ಲ, ಹಾರಲು ಕಲಿಯುತ್ತಿದೆ. ತಾಯಿಹಕ್ಕಿ ಹುಳ ಕಚ್ಚಿಕೊಂಡು, ನಮ್ಮ ಗುಂಪು ಯಾವಾಗ ಚದುರೀತೆಂದು ಹತ್ತಿರದ ಕೊಂಬೆಯಲ್ಲೇ ಕಾದಿರುತ್ತದೆ. ಬೆಕ್ಕು, ನಾಯಿಗಳನ್ನು ಒಳಗೆ ಕೂಡಿ, ಮರಿಯನ್ನು ಪೊದೆಯ ಮರೆಗೆ ಸರಿಸಿ, ದೂರ ನಿಲ್ಲಿ. ಪುಕ್ಕವಿಲ್ಲದ ಮರಿಯಾದರೆ ಗೂಡಿಗೇ ಮರಳಿಸಿ. ಮನುಷ್ಯರ ವಾಸನೆ ಹತ್ತಿದರೆ ತಾಯಿ ಒಲ್ಲೆನ್ನುತ್ತದೆಂಬುದು ಸುಳ್ಳು. ಕೋಗಿಲೆಯ ಮರಿಯನ್ನೇ ಸಾಕುವ ಕಾಗೆ ಇಷ್ಟಕ್ಕೆ ಮುನಿಸಿಕೊಂಡೀತೇ?

ಗಾಯವಾಗಿದ್ದರೆ, ಅದರಲ್ಲೂ ಬೆಕ್ಕಿನ ಹಲ್ಲು ತಾಗಿದ್ದರೆ, ತಡಮಾಡಬೇಡಿ. ತೂತು ಹಾಕಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಮರಿಯನ್ನಿಟ್ಟು, ಕತ್ತಲೆಯ ಮೂಲೆಯಲ್ಲಿಡಿ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಗಿಳಿಮರಿಯನ್ನು ಪಂಜರದಲ್ಲಿ ಸಾಕಿಕೊಳ್ಳಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ, ಮಾತು ಕಲಿಸುವ ಆಸೆ ಎಷ್ಟೇ ಇರಲಿ.

ಇನ್ನು, ಮಳೆಗೆ ಮುನ್ನ ಕೊಂಬೆ ಕಡಿಸುವವರು ಆ ಕೆಲಸವನ್ನು ಚಳಿಗಾಲದಲ್ಲೇ ಮುಗಿಸಲಿ. ಜೂನ್ ಹೊತ್ತಿಗೆ ಕಾಗೆಗೂಡುಗಳಲ್ಲಿ ಮರಿಗಳಿರುತ್ತವೆ.